ಫಸಾಹತ್ ಅಲಿ ಕುಟ್ಟಿದ ಅಯಾರಿಜ್

ಲಖನೌದ ಚೌಕಿನಲ್ಲಿ ಹಕೀಮ್ ಮುಹ್ತಶಿಮ್ ಸಾಹೇಬರ ದವಾಖಾನೆಗೆ ಔಷಧಿ ಕುಟ್ಟುತ್ತಿದ್ದವರು ಫಸಾಹತ್ ಅಲಿ. ತಲೆಭಾರದವರಿಗೆ ಕೊಡುವ ಅಯಾರಿಜ್ ಎಂಬ ಲೇಹ್ಯವನ್ನು ಇಪ್ಪತ್ತಾರು ವರ್ಷ ಅವರೇ ಮಾಡಿದ್ದರು. ಭೇದಿ ಮಾಡಿಸುವ ಕಡುಕಹಿ ಕರಿಬೋಳ, ದಾಲ್ಚಿನ್ನಿ, ಜಟಾಮಾಂಸಿ, ಕೇಸರಿ ಎಲ್ಲ ಜೇನಿನಲ್ಲಿ ಕಲಸಿದ ಮೇಲೆ ನಾಲಿಗೆಗೆ ತಾಗಿಸಿ, ಯಾವುದು ಒಂದು ಗುಲಗಂಜಿ ಹೆಚ್ಚಾಗಿದೆ ಎಂದು ಹೇಳಬಲ್ಲವರು ಎಂಬ ಹೆಸರಿತ್ತು.

ಒಂದು ಚಳಿಗಾಲದಲ್ಲಿ ಬಂದ ಜ್ವರ ಅವರ ರುಚಿಯನ್ನು ಒಯ್ದುಬಿಟ್ಟಿತು. ಹೆಂಡತಿಗೂ ಹೇಳಲಿಲ್ಲ. ಉಪ್ಪು ಮರೆತ ಸಾರನ್ನು ಉಂಡು "ಚೆನ್ನಾಗಿದೆ" ಎಂದು ಎದ್ದರು.

ಒಂದು ಬೆಳಿಗ್ಗೆ ಕರಿಬೋಳ ತೂಗುವಾಗ ಯಾರೋ ಮಾತಿಗೆಳೆದರು. ತಿರುಗಿ ನೋಡಿದರೆ, ಕರಿಬೋಳ ಹಾಕಿದೆನೋ ಇಲ್ಲವೋ ನೆನಪಿಲ್ಲ. ನೆಕ್ಕಿದರು, ಮಣ್ಣು ನೆಕ್ಕಿದ ಹಾಗಾಯಿತು. ಪಕ್ಕದಲ್ಲೇ ಜರಡಿ ಹಿಡಿಯುವ ವಿಧವೆ ನಸೀಬನ್ ಕೂತಿದ್ದಳು. "ಸ್ವಲ್ಪ ನೋಡವ್ವ" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲು ನಾಚಿಕೆಯಾಯಿತು. ಇನ್ನೊಮ್ಮೆ ಹಾಕಿದರು.

ಅದನ್ನು ನುಂಗಿದ ಮುನ್ಶಿ ದ್ವಾರಕಾ ಪ್ರಸಾದರು ಮೂರು ದಿನ ಪಾಯಖಾನೆ ಬಿಟ್ಟು ಬರಲಿಲ್ಲ. ನಾಲ್ಕನೆಯ ದಿನ ಮಗನ ತೋಳು ಹಿಡಿದು ದವಾಖಾನೆಗೆ ಬಂದರು.

"ಕರಿಬೋಳ ಯಾರು ಮುಟ್ಟಿದ್ದು?" ಎಂದರು ಹಕೀಮರು.

"ಜರಡಿ ಹಿಡಿದಿದ್ದು ನಸೀಬನ್," ಎಂದರು ಫಸಾಹತ್ ಅಲಿ. ಅದು ಸುಳ್ಳೇನೂ ಆಗಿರಲಿಲ್ಲ.

ಅವಳು ದಿಟ್ಟಿಸಿದಳು. "ಭಾಯಿಜಾನ್, ನೀವು ರುಚಿ ನೋಡಿದ್ರಲ್ಲಾ?"

"ನೋಡ್ದೆ. ಸರಿಯಾಗೇ ಇತ್ತು."

"ಹಂಗಾದ್ರೆ ಆಮೇಲೆ ನಾನೇ ಬೆರೆಸಿದ್ನಾ?"

ಅವರು ಕುಟ್ಟಾಣಿಯನ್ನು ಒರೆಸತೊಡಗಿದರು. ಸಂಜೆಯೊಳಗೆ ಅವಳ ಕೆಲಸ ಹೋಯಿತು. "ಮುನ್ಶಿಯನ್ನ ಕೊಲ್ಲೋಕೆ ಹೋಗಿದ್ಳಂತೆ" ಎಂದು ನಮ್ಮ ಓಣಿಯ ಹೆಂಗಸರು ನಕ್ಕರು.

ಹನ್ನೊಂದು ದಿನ ಫಸಾಹತ್ ಅಲಿ ಮಸೀದಿಯಲ್ಲಿ ಕೊನೆಯ ಸಾಲಿನಲ್ಲಿ ನಿಂತರು. ಹನ್ನೆರಡನೆಯ ದಿನ ರೋಗಿಗಳು ತುಂಬಿದ್ದ ಹೊತ್ತಿನಲ್ಲೇ ಹಕೀಮರ ಎದುರು ಹೋಗಿ, "ಎರಡು ಸಲ ಹಾಕಿದ್ದು ನಾನು. ನನ್ನ ನಾಲಿಗೆ ಸತ್ತು ಎರಡು ತಿಂಗಳಾಯ್ತು" ಎಂದರು.

ಹಕೀಮರು ಹಿಡಿದಿದ್ದ ರೋಗಿಯ ನಾಡಿ ಬಿಟ್ಟರು. "ನಾಲಿಗೆ ಹೋದ್ರೆ ನನ್ನ ಹತ್ರ ಮದ್ದಿತ್ತು ಮಿಯಾ. ಇದಕ್ಕೆಲ್ಲಿಂದ ತರ್ಲಿ? ಹೋಗಿ ಅವಳನ್ನ ಕರ್ಕೊಂಡ್ಬನ್ನಿ."

ನಸೀಬನ್ ಹೊಸಲಿನಲ್ಲಿ ಕೂತು ಯಾರದೋ ಕುರ್ತಾಕ್ಕೆ ಕಸೂತಿ ಹಾಕುತ್ತಿದ್ದಳು. ಅವರು ಹೇಳಿದ್ದನ್ನು ತಲೆಯೆತ್ತದೆ ಕೇಳಿದಳು.

"ಆವತ್ತೇ ನಂಗೆ ಗೊತ್ತಿತ್ತು," ಎಂದಳು. "ನೆಕ್ಕಿದಾಗ ನಿಮ್ಮ ಮುಖ ಕಿವುಚಲೇ ಇಲ್ಲ. ನಾನಾದ್ರೂ ಹೇಳ್ಬೋದಿತ್ತು. ನಿಮ್ಮ ಮರ್ಯಾದೆ ಹೋಗತ್ತಲ್ಲಾ ಅಂತ ಸುಮ್ನಿದ್ದೆ. ಇನ್ನು ಬರಲ್ಲ, ಫಸಾಹತ್ ಮಿಯಾ."

ಈದ್ ದಿನ ಅವರು ಹೆಂಡತಿಯ ಕೈಯಲ್ಲಿ ಅವಳಿಗೆ ಶಾವಿಗೆ ಪಾಯಸ ಕಳಿಸಿದರು. ನಮ್ಮ ಓಣಿಯಲ್ಲಿ ಯಾರೂ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಬಟ್ಟಲು ಚೆನ್ನಾಗಿ ತೊಳೆದು, ಒರೆಸಿ, ಖಾಲಿಯಾಗಿ ಬಂತು. ಫಸಾಹತ್ ಅಲಿ ಅದನ್ನು ತಾವೇ ಎತ್ತಿಕೊಂಡು ಹೋಗಿ ಗೂಡಿನಲ್ಲಿ ಬೋರಲು ಇಟ್ಟರು.