ಕತ್ತಲಲ್ಲಿ ಕೊಟ್ಟ ಎಡಗೈ

ಕಿವಿಗೆ ಬಿದ್ದದ್ದನ್ನಲ್ಲ, ಕೈಗೆ ಸಿಕ್ಕದ್ದನ್ನು ನಂಬಬೇಕು ಎಂಬುದು ವೈದ್ಯನಾಗಿ ನಾನು ಕಲಿತ ಮೊದಲ ಪಾಠ. ದೆವ್ವ, ಗಾಳಿ ಸೋಕಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿದ್ದು ಯಾರದೋ ಮಾತಲ್ಲ, ನನ್ನ ಕೈಗಳೇ.

ಅರವತ್ತರ ದಶಕದ ಆರಂಭದ ವರ್ಷಗಳು. ದಾಂಡೇಲಿಯಲ್ಲಿ ಒಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದೆ. ಬರುವವರು ಹೆಚ್ಚಾಗಿ ಕಾಗದದ ಗಿರಣಿಗೆ ಬಿದಿರು ಇಳಿಸುವ ಹಮಾಲರು. ತರುವುದು ಎಲುಬು, ಕೀಲು, ಸ್ನಾಯುಗಳ ನೋವು. ಎಕ್ಸ್‌ರೇ ಬೇಕೆಂದರೆ ಧಾರವಾಡಕ್ಕೆ ಕಳಿಸಬೇಕಿತ್ತು. ಆದ್ದರಿಂದ ಕಲಿತ ಕ್ರಮವನ್ನು ಬಿಡದೆ ಪಾಲಿಸುತ್ತಿದ್ದೆ: ಮೊದಲು ನೋಡುವುದು, ಆಮೇಲೆ ಮುಟ್ಟುವುದು, ಕೊನೆಗೆ ಆಡಿಸುವುದು. ಮುಟ್ಟುವಾಗ ಮೊದಲು ನಮ್ಮ ಕೈಯ ಹಿಂಬದಿಯನ್ನು ಇಟ್ಟು ಬಿಸಿ ನೋಡಬೇಕು; ಅಂಗೈಗಿಂತ ಬೇಗ ಅದಕ್ಕೆ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೋಯುವ ಕೈಯನ್ನು ನೋಯದ ಕೈಯೊಂದಿಗೆ ಹೋಲಿಸಬೇಕು. ಪ್ರತಿಯೊಬ್ಬನಿಗೂ ಅವನ ಇನ್ನೊಂದು ಕೈಯೇ ಅಳತೆಗೋಲು.

ಒಂದು ಸಂಜೆ ಸಾಂಬ್ರಾಣಿ ಕಡೆಯ ನಿಂಗಪ್ಪ ಎಂಬ ಹಮಾಲ ಬಂದ. ಬಿದಿರಿನ ಒಟ್ಟಿಲ ಮೇಲಿಂದ ಬಿದ್ದು ಬಲ ಮುಂಗೈ ಊದಿತ್ತು. ಜೊತೆಗೆ ಅವನ ಅತ್ತಿಗೆ ಗಂಗವ್ವ ಬಂದಿದ್ದಳು.

"ವೈನಿ, ನೀ ಯಾಕ ಬಂದಿ? ನಾ ಏನ ಕೂಸ?" ಎಂದ ಅವನು.

"ಕೂಸರ ಹೇಳಿದ ಮಾತ ಕೇಳತೈತಿ. ಸುಮ್ನ ಕುಂದರು."

ನಿಂಗಪ್ಪ ನಗುತ್ತಲೇ ನನ್ನ ಕಡೆ ತಿರುಗಿದ. "ಸೋಮವಾರ ಅಣ್ಣನ ಕಾರ್ಯ ಐತ್ರಿ, ಸಾಹೇಬ್ರ. ಅಷ್ಟರಾಗ ಕೈ ನೆಟ್ಟಗಾಗಬೇಕು ನೋಡ್ರಿ."

ಗಂಗವ್ವ ಮುಖ ತಿರುಗಿಸಿದಳು. ಅವಳ ಗಂಡ ಈರಪ್ಪ ಹಿಂದಿನ ಚಳಿಗಾಲದಲ್ಲಿ ಬಿದಿರು ಕಡಿಯುವ ಗುಂಪಿನೊಂದಿಗೆ ಅಣಶಿಯ ಕಾಡಿಗೆ ಹೋದವನು ಮರಳಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಇನ್ನು ಕಾಯುವುದು ಬೇಡ, ಸತ್ತನೆಂದೇ ತಿಳಿದು ಕಾರ್ಯ ಮಾಡಿಬಿಡೋಣ ಎಂದು ಹಿರಿಯರು ನಿಶ್ಚಯಿಸಿದ್ದರು. ಸೋಮವಾರ ಗಂಗವ್ವನ ಬಳೆ ತೆಗೆಸುವವರಿದ್ದರು.

ಗಂಗವ್ವ ಬಾಗಿಲ ಬಳಿ ನಿಂತಳು; ನಾನು ನಿಂಗಪ್ಪನನ್ನು ಮೇಜಿನ ಎದುರು ಕೂರಿಸಿ ಊತ ನೋಡಿದೆ. ಮುಟ್ಟಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಹೊರಗೆ ಇನ್ನೂ ಮಬ್ಬು ಬೆಳಕಿತ್ತು. ಆದರೆ ಧೂಳಿಗೆಂದು ಕಿಟಕಿ, ಬಾಗಿಲು ಮುಚ್ಚಿದ್ದರಿಂದ ಕೋಣೆ ಪೂರ್ತಿ ಕತ್ತಲಾಯಿತು. ಕಂಪೌಂಡರು ಕಂದೀಲು ಹಚ್ಚಲು ಒಳಗೆ ಹೋದರು. ಬೆರಳಿಗೆ ಬೆಳಕು ಬೇಕಿಲ್ಲವಲ್ಲ ಎಂದು ನಾನು ಕೆಲಸ ಮುಂದುವರಿಸಿದೆ.

ಬಲಗೈ ಬಿಸಿಯಾಗಿತ್ತು. ಎಲುಬಿನ ಗುಂಟ ಒತ್ತುತ್ತಾ ಹೋದೆ. ಮಣಿಕಟ್ಟಿನ ಬಳಿ ಅವನು "ಹಾ" ಎಂದ. ಎಲುಬು ಮುರಿದಂತೆ ಅನ್ನಿಸಲಿಲ್ಲ. ಅದನ್ನು ಬಿಟ್ಟು, "ಈಗ ಇನ್ನೊಂದು ಕೈ ಕೊಡು" ಎಂದೆ.

ಒಂದು ಕೈ ನನ್ನ ಕೈಗೆ ಬಂತು.

ಕೈಯ ಹಿಂಬದಿ ಇಟ್ಟು ಬಿಸಿ ನೋಡಿದೆ. ಮೊಣಕೈಯಿಂದ ಕೆಳಗೆ ಬೆರಳು ಓಡಿಸಿದೆ. ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಎಲುಬಿನಲ್ಲಿ ದೊಡ್ಡ ಗಂಟು. ಅಲ್ಲಿಂದ ಮುಂದೆ ಕೈ ಹೊರಕ್ಕೆ ಸೊಟ್ಟಗಾಗಿತ್ತು. ಹಳೆಯ ಮುರಿತ, ಕೆಟ್ಟದಾಗಿ ಕೂಡಿಕೊಂಡದ್ದು. ಅಂಗೈಯನ್ನು ಮೇಲಕ್ಕೆ ತಿರುಗಿಸಲು ನೋಡಿದೆ, ಅರ್ಧಕ್ಕೇ ನಿಂತಿತು. ಬೆರಳುಗಳು ನನ್ನ ಬೆರಳುಗಳನ್ನು ಮೆಲ್ಲಗೆ ಹಿಡಿದವು.

"ಈ ಎಡಗೈ ಯಾವಾಗ ಮುರಿದಿತ್ತೋ?" ಎಂದು ಕೇಳಿದೆ.

"ಯಾವ ಎಡಗೈರಿ?" ಎಂದಿತು ನಿಂಗಪ್ಪನ ದನಿ. "ನನ್ನ ಎಡಗೈ ನನ್ನ ಹತ್ರನಽ ಐತಲ್ರಿ. ನೋಯೂ ಕೈ ಹಿಡ್ಕೊಂಡು ಕುಂತೇನಿ. ಇನ್ನೂ ಕೊಟ್ಟಽ ಇಲ್ಲ."

ಆ ಕೈ ಇನ್ನೂ ನನ್ನ ಕೈಯಲ್ಲಿತ್ತು. ಅದು ಥಟ್ಟನೆ ಮಾಯವಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಯಾರಾದರೂ ಹೊರಡುವಾಗ ಬಿಡಿಸಿಕೊಳ್ಳುವಂತೆ, ಬೆರಳು ಬೆರಳಾಗಿ ನಿಧಾನಕ್ಕೆ ಜಾರಿಹೋಯಿತು.

ಕಂದೀಲು ಬಂತು. ನಿಂಗಪ್ಪನ ಎಡಗೈ ಬಲಗೈಯನ್ನು ಆತುಕೊಂಡೇ ಇತ್ತು. ಅದನ್ನು ಎಳೆದುಕೊಂಡು, ಕೈಯ ಹಿಂಬದಿ ಇಟ್ಟು ಬಿಸಿ ನೋಡಿ, ಪರೀಕ್ಷಿಸಿದೆ. ಎಲುಬು ನೆಟ್ಟಗಿತ್ತು, ಅಂಗೈ ಸಲೀಸಾಗಿ ಪೂರ್ತಿ ತಿರುಗಿತು. ಗಂಗವ್ವ ಬಾಗಿಲ ಬಳಿಯೇ ಇದ್ದಳು. ಅವಳ ಕೈತುಂಬ ಬಳೆ, ಅಲುಗಿದ್ದರೆ ಸದ್ದಾಗುತ್ತಿತ್ತು. ಕಂಪೌಂಡರ ಎರಡೂ ಕೈ ಕಂದೀಲಿನ ಮೇಲಿದ್ದವು.

"ಆ ಕೈ ಹೆಂಗಿತ್ರೀ?" ಗಂಗವ್ವ ಕೇಳಿದಳು.

ಬೆರಳಿಗೆ ಸಿಕ್ಕಿದ್ದನ್ನಷ್ಟೇ ಹೇಳಿದೆ. ನಿಂಗಪ್ಪ ಬಿಳಿಚಿಕೊಂಡ.

"ಅಣ್ಣ ಸಣ್ಣಂವ ಇದ್ದಾಗ ಹುಣಸಿ ಗಿಡದ ಮ್ಯಾಲಿಂದ ಬಿದ್ದಿದ್ನಂತ್ರಿ. ಬಿದಿರ ದಬ್ಬಿ ಕಟ್ಟಿದ್ರು, ಸೊಟ್ಟ ಕೂಡ್ತು. ಗುಡಿಯಾಗ ಪ್ರಸಾದಕ್ಕ ಬೊಗಸಿ ಒಡ್ಡಿದ್ರ ಅರ್ಧಾ ನೆಲಕ್ಕ ಬೀಳತಿತ್ತು. ದೇವರಿಗೂ ಅರ್ಧಾ ಪಾಲ ಕೊಡತಾನ ಅಂತ ನಗತಿದ್ವಿ."

ಗಂಗವ್ವ ಮೇಜಿನ ಹತ್ತಿರ ಬಂದಳು. ಕಂದೀಲಿನ ಬೆಳಕಿನಲ್ಲಿ ನಿಂಗಪ್ಪನ ಕೈಯನ್ನು ನಾನು ಮುಟ್ಟಿದ ರೀತಿಯನ್ನು ಅವಳು ಗಮನಿಸಿರಬೇಕು. ತನ್ನ ಕೈಯ ಹಿಂಬದಿಯನ್ನು ಮೇಜಿಗೆ ತಾಗಿಸಿ ತೋರಿಸಿ ಕೇಳಿದಳು: "ಹಿಂಗ ಇಟ್ಟು ನೋಡಿದ್ರಿಲ್ಲೋ? ತಣ್ಣಗಿತ್ತೋ, ಬೆಚ್ಚಗಿತ್ತೋ? ಖರೇ ಹೇಳ್ರಿ, ಸಾಹೇಬ್ರ."

ಏನು ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ತಣ್ಣಗಿತ್ತು ಎಂದಿದ್ದರೆ ಎಲ್ಲವೂ ಹಿರಿಯರು ಗೊತ್ತುಮಾಡಿದಂತೆ ಮುಗಿಯುತ್ತಿತ್ತು. ಬಹುಶಃ ಅದೇ ಸುಲಭವೂ ಆಗಿತ್ತು. ಆದರೆ ಕೈ ಹೇಳಿದ್ದನ್ನು ಬದಲಿಸಿ ಹೇಳುವ ಅಭ್ಯಾಸ ನನಗಿಲ್ಲ.

"ಬೆಚ್ಚಗಿತ್ತು" ಎಂದೆ.

ಅವಳು ಅಳಲಿಲ್ಲ. ಸೆರಗು ಸರಿಪಡಿಸಿಕೊಂಡು, "ನಡಿ ನಿಂಗಪ್ಪ, ಹೋಗೂಣು. ಮಾವನವರಿಗೆ ಹೇಳಬೇಕು" ಎಂದಳು. ನಾನು ಅವನ ಕೈಗೆ ಪಟ್ಟಿ ಕಟ್ಟುವವರೆಗೂ ಅವಳಿಗೆ ತಾಳ್ಮೆ ಇರಲಿಲ್ಲ. ಸೋಮವಾರ ಕಾರ್ಯ ನಡೆಯಲಿಲ್ಲವೆಂದು ಆಮೇಲೆ ತಿಳಿಯಿತು.

ಕೆಲವು ವರ್ಷಗಳ ನಂತರ, ದಾಂಡೇಲಿ ಬಿಟ್ಟ ಮೇಲೆ, ಏನೋ ಕೆಲಸಕ್ಕೆಂದು ಹಳಿಯಾಳದ ಸಂತೆಗೆ ಹೋಗಿದ್ದೆ. ಬಳೆಗಾರನ ಮುಂದೆ ಗಂಗವ್ವ ಕುಳಿತಿದ್ದಳು. ಅವನು ಅವಳ ಕೈಯ ಎಲುಬುಗಳನ್ನು ಒತ್ತಿ, ಮಡಿಸಿ, ಹಸಿರು ಬಳೆ ಏರಿಸುತ್ತಿದ್ದ. ನಾನು ಕಂಡೆನೆಂದು ಅವಳಿಗೆ ತಿಳಿಯಿತು, ಕೈ ಹಿಂತೆಗೆಯಲಿಲ್ಲ. ಈರಪ್ಪ ಬಂದನೇ, ಇಲ್ಲ ಇನ್ನೂ ಕಾಯುತ್ತಿದ್ದಾಳೆಯೇ ಎಂದು ಕೇಳಲು ಎರಡು ಹೆಜ್ಜೆ ಮುಂದಿಟ್ಟೆ. ಕೇಳಲಾಗಲಿಲ್ಲ, ಬಂದ ದಾರಿಯಲ್ಲೇ ಹಿಂತಿರುಗಿದೆ.

ಇಂದಿಗೂ ಯಾರ ಕೈ ಪರೀಕ್ಷಿಸಬೇಕಾದರೂ, ಎರಡನ್ನೂ ಬೆಳಕಿನಲ್ಲಿ ಮೇಜಿನ ಮೇಲೆ ಇಡಿ ಎನ್ನುತ್ತೇನೆ. ಆ ಸಂಜೆಯ ಬಿಸಿ ನನ್ನ ಕೈಯ ಹಿಂಬದಿಗೆ ನೆನಪಿದೆ. ಜೀವಂತ ಮನುಷ್ಯನ ಬಿಸಿ ಅದು, ಹೆಚ್ಚಲ್ಲ, ಕಡಿಮೆಯಲ್ಲ. ಆ ಮನುಷ್ಯ ಎಲ್ಲಿದ್ದನೆಂಬುದನ್ನು ಮಾತ್ರ ನಾನು ಹೇಳಲಾರೆ.