ಚಿತ್ರಕ್ಕೆ ಇಟ್ಟ ಬೊಟ್ಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷ ನಾನು ದಿನಚರಿ ಬರೆಯುತ್ತಿರಲಿಲ್ಲ. ಆ ಅಭ್ಯಾಸ ಹತ್ತಿದ್ದು ಎಂ.ಎ. ಓದಲು ಮೈಸೂರಿಗೆ ಬಂದು ಇಲ್ಲೇ ನೆಲೆಸಿದ ಮೇಲೆ. ಯಾವ ಪ್ರದರ್ಶನ ಮೊದಲು, ಯಾವುದು ಆಮೇಲೆ, ಯಾರು ಎಲ್ಲಿ ನಿಂತು ಯಾವ ಮಾತಾಡಿದರು ಎಂಬುದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ. ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದನ್ನು ಮಾತ್ರ ನಂಬುತ್ತೇನೆ: ಆ ಬೊಟ್ಟು ಇನ್ನೂ ಇದೆ. ಹೋದ ತಿಂಗಳು ನೋಡಿಕೊಂಡು ಬಂದೆ.

ಆಗ ನಮ್ಮೂರು ದಾವಣಗೆರೆಯಲ್ಲಿ ಚಿಕ್ಕಮ್ಮನ ಮನೆಯ ಬಾಗಿಲು ಕಿಟಕಿಗಳಿಗೆ ಬಣ್ಣ ಹೊಡೆಸುತ್ತಿದ್ದರು. ಕಟ್ಟೆ ಹತ್ತುವಾಗಲೇ ಅಗಸೆ ಎಣ್ಣೆ, ಟರ್ಪೆಂಟೈನು ಸೇರಿದ ವಾಸನೆ ಬಂತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದು ವಾಸನೆಯ ತಪ್ಪಲ್ಲ. ಒಂದು ಕಾಲದಲ್ಲಿ ಆ ವಾಸನೆ ನನಗೆ ಬಲು ಇಷ್ಟವಾಗಿತ್ತು, ಏಕೆಂದರೆ ಅದು ನಮ್ಮ ಚಿತ್ರದ ಅಕ್ಕೋರ ಸೆರಗಿನ ವಾಸನೆ.

ಅವರು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ನಾವು ಅಕ್ಕೋರೆ ಎಂದೇ ಕರೆಯುತ್ತಿದ್ದೆವು. ಹರಿಹರದಲ್ಲಿ ಹೊಳೆಯ ಕಡೆಯ ಒಂದು ಓಣಿಯಲ್ಲಿ ಅವರೂ ಅವರ ತಾಯಿಯೂ ಇಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಮಿಲ್ಲಿನ ದಪ್ಪ ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸರೇಸಿನ ಅಂಟಿನಲ್ಲಿ ಸೀಮೆಸುಣ್ಣ ಕಲಸಿ ಬಳಿದು, ತಾವೇ ಕ್ಯಾನ್ವಾಸು ತಯಾರಿಸಿಕೊಳ್ಳುತ್ತಿದ್ದರು. ಮೂಗಿನ ತುದಿಯಲ್ಲೋ ಮೊಣಕೈಯಲ್ಲೋ ಸದಾ ಒಂದು ಬಣ್ಣ ಅಂಟಿರುತ್ತಿತ್ತು. ಹುಡುಗಿಯರು ನಕ್ಕರೆ, ‘ನಿಮಗೆ ಪೌಡರ್ ಐತೆ, ನನಗೆ ಇದೈತೆ’ ಎನ್ನುತ್ತಿದ್ದರು.

ಅರವತ್ತರ ದಶಕದ ಆರಂಭದಲ್ಲಿ ನಮ್ಮೂರಿನ ಹತ್ತಿ ವ್ಯಾಪಾರಸ್ಥರಿಗೆ ಒಂದು ವರ್ಷ ಕಲೆಯ ಹುಚ್ಚು ಹಿಡಿಯಿತು. ಹತ್ತಿ ಗೋದಾಮಿನ ಮಾಳಿಗೆಗೆ ಸುಣ್ಣ ಹೊಡೆಸಿ, ಬಾಗಿಲ ಮೇಲೆ ‘ಚಿತ್ರಶಾಲೆ’ ಎಂದು ಬೋರ್ಡು ಹಾಕಿದರು. ಅವರಲ್ಲೇ ದೊಡ್ಡ ವ್ಯಾಪಾರಿಯೊಬ್ಬರು ಸಮಿತಿಯ ಅಧ್ಯಕ್ಷರಾದರು, ದಲಾಲಿ ಅಂಗಡಿ ಇಟ್ಟಿದ್ದ ನಮ್ಮ ಚಿಕ್ಕಪ್ಪ ಕಾರ್ಯದರ್ಶಿಯಾದರು. ಆಗ ನಾನು ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಅಕ್ಷರ ದುಂಡಗಿವೆ ಎಂದು ಚಿತ್ರಗಳ ಕೆಳಗೆ ಅಂಟಿಸುವ ಚೀಟಿ ಬರೆಯುವ ಕೆಲಸ ನನಗೆ ಬಂತು. ಚಿತ್ರ ಎಲ್ಲಿ ತೂಗುಹಾಕಬೇಕು, ಬೆಳಕು ಎತ್ತಲಿಂದ ಬೀಳಬೇಕು ಎಂದು ಹೇಳಲು ಅಕ್ಕೋರನ್ನು ಕರೆಸಿಕೊಂಡರು. ಅವರು ಹೇಳುತ್ತಿದ್ದರು, ಇವರು ಕೇಳುತ್ತಿರಲಿಲ್ಲ.

ಮೊದಲ ಪ್ರದರ್ಶನ ದಾನಿಗಳ ಭಾವಚಿತ್ರಗಳದು. ಹುಬ್ಬಳ್ಳಿ ಕಡೆಯಿಂದ ಬಂದ ಒಬ್ಬಾತ ಮೈ, ಶಲ್ಯ, ಕುರ್ಚಿ ಎಲ್ಲ ಮೊದಲೇ ಬರೆದಿಟ್ಟುಕೊಂಡು ಬಂದಿದ್ದ. ಇಲ್ಲಿ ತಲೆಗಳನ್ನು ಮಾತ್ರ ಸೇರಿಸಿದ. ಸಾಲಾಗಿ ಅದೇ ಹೊಟ್ಟೆ, ಅದೇ ಉಂಗುರದ ಬೆರಳು, ಅದೇ ಕುರ್ಚಿ. ಪ್ರತಿಯೊಬ್ಬರೂ ತಮ್ಮ ಚಿತ್ರದ ಮುಂದೆ ನಿಂತು ತಾವೇ ಹಾರ ಹಾಕಿಸಿಕೊಂಡಂತೆ ಬೀಗಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದ್ದರಿಂದ ಸಂಜೆಯ ಹೊತ್ತಿಗೆ ಗೋಡೆಯ ತುಂಬ ಎಣ್ಣೆಯ ಬೆರಳು.

ಬೇಸಿಗೆಯಲ್ಲಿ ಹೊಳೆಯ ಚಿತ್ರಗಳ ಪ್ರದರ್ಶನ ಎಂದಿತ್ತು. ಅಕ್ಕೋರ ಕೆಲವು ನೀರುಬಣ್ಣದ ಚಿತ್ರಗಳೂ ಇದ್ದವು. ಆದರೆ ಅಧ್ಯಕ್ಷರ ಮನೆಯಲ್ಲಿ ಮದುವೆ ಬಂತು. ಬೀಗರಿಗೆ ಇಳಿದುಕೊಳ್ಳಲು ಜಾಗ ಬೇಕಲ್ಲ? ಚಿತ್ರಶಾಲೆಯಲ್ಲಿ ಮಂಚ ಹಾಕಿದರು. ಅವರು ಹೋದ ಮೇಲೆ ನಾನೂ ಅಕ್ಕೋರೂ ಹೋಗಿ ನೋಡಿದೆವು. ಎಲೆ ಅಡಿಕೆ ಹಾಕಿಕೊಂಡವರು ಬೆರಳಿಗೆ ಉಳಿದ ಸುಣ್ಣವನ್ನು ಸಿಕ್ಕ ಸಿಕ್ಕಲ್ಲಿ ಒರೆಸಿದ್ದರು. ಅಕ್ಕೋರ ತುಂಗಭದ್ರೆಯ ಮೇಲೂ ಉದ್ದಕ್ಕೆ ಒಂದು ಸುಣ್ಣದ ಗೀರು. ಅಕ್ಕೋರು ಅದನ್ನು ನೋಡುತ್ತ, ‘ಹೊಳಿಗೆ ಒಂದ್ ಸೇತುವೆ ಕಟ್ಟಿ ಹೋಗ್ಯಾರೆ ನೋಡು’ ಎಂದರು. ನನಗೆ ನಗು ಬರಲಿಲ್ಲ.

ಮಳೆಗಾಲದಲ್ಲಿ ಮಹಿಳೆಯರ ಕಸೂತಿ, ವೈರಿನ ಬುಟ್ಟಿ, ಮಣಿಯ ಗಿಳಿ. ಮೊದಲ ಬಹುಮಾನ ಅಧ್ಯಕ್ಷರ ಸೊಸೆಗೆ. ದಸರೆಗೆ ತರಕಾರಿಯ ಕೆತ್ತನೆ. ಕುಂಬಳಕಾಯಿಯಲ್ಲಿ ಭಾರತದ ನಕ್ಷೆ, ಬದನೆಕಾಯಿಯಲ್ಲಿ ಪೆಂಗ್ವಿನ್ನು. ಬಹುಮಾನ ಕೊಡಬೇಕಾದ ದೊಡ್ಡ ಮನುಷ್ಯರು ಇವತ್ತು ನಾಳೆ ಎನ್ನುತ್ತ ಬರಲೇ ಇಲ್ಲ. ಅವರು ನೋಡದೆ ತೆಗೆಯುವಂತಿಲ್ಲ ಎಂದು ಮಾಳಿಗೆಗೆ ಬೀಗ ಹಾಕಿಟ್ಟರು. ಕಡೆಗೆ ಅವರು ಬಂದ ದಿನ ಬಾಗಿಲು ತೆಗೆದಾಗ ಬಂದ ನಾತವನ್ನು ಇವತ್ತಿಗೂ ಮರೆತಿಲ್ಲ. ಕಾಶ್ಮೀರ ಕುಸಿದು ಕನ್ಯಾಕುಮಾರಿಯ ಮೇಲೆ ಬಿದ್ದಿತ್ತು; ನಡುವೆ ಬಿಳಿಯ ಹುಳಗಳು ಹರಿದಾಡುತ್ತಿದ್ದವು. ದೊಡ್ಡವರು ಕರ್ಚೀಫು ಮೂಗಿಗೆ ಒತ್ತಿಕೊಂಡೇ ‘ಅದ್ಭುತ, ಅದ್ಭುತ’ ಎಂದರು. ಜನ ಚಪ್ಪಾಳೆ ತಟ್ಟಿದರು… ಅಥವಾ ಆ ಚಪ್ಪಾಳೆಯನ್ನು ನಾನು ಈಗ ಸೇರಿಸುತ್ತಿದ್ದೇನೋ ಏನೋ. ಹುಳಗಳನ್ನಂತೂ ಸೇರಿಸಿಲ್ಲ.

ವರ್ಷ ತುಂಬಿದಾಗ ವಾರ್ಷಿಕೋತ್ಸವ. ‘ನಮ್ಮ ಭಾಗದ ಕಲಾವಿದರು’ ಎಂಬ ಪ್ರದರ್ಶನ. ಅಕ್ಕೋರು ಅದಕ್ಕಾಗಿ ತಿಂಗಳುಗಟ್ಟಲೆ ಒಂದೇ ಚಿತ್ರ ಹಿಡಿದು ಕೂತಿದ್ದರು. ಹಳೆಯ ಧೋತರದಲ್ಲಿ ಸುತ್ತಿ ರೈಲಿನಲ್ಲಿ ತಂದರು. ಬಿಚ್ಚಿ ಗೋಡೆಗೆ ಒರಗಿಸಿದರು.

ಅದು ಅವರ ತಾಯಿಯ ಚಿತ್ರ. ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ಹತ್ತಿಯ ಕಾಯಿ ಹಾಕಿಕೊಂಡು ಅರಳೆ ಬಿಡಿಸುತ್ತಿದ್ದಾರೆ. ಬೂದು ಬಣ್ಣದ ಸೀರೆ. ಹಣೆ ಬರಿದು. ಆದರೆ ಪೂರ್ತಿ ಬರಿದಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಂಕುಮ ಇಟ್ಟವರಿಗೆ ಅಲ್ಲಿ ಚರ್ಮ ಬಿಳಿಚಿಕೊಂಡು ಒಂದು ಗುರುತು ಉಳಿಯುತ್ತದೆ. ಕುಂಕುಮ ಹೋದ ಮೇಲೂ ಅದು ಹೋಗುವುದಿಲ್ಲ. ಅಕ್ಕೋರು ಆ ಮಾಸಲು ಗುರುತನ್ನು ಬರೆದಿದ್ದರು. ಮೊದಲು ಕಾಣುತ್ತಿರಲಿಲ್ಲ; ಕಂಡ ಮೇಲೆ ಬೇರೇನೂ ಕಾಣುತ್ತಿರಲಿಲ್ಲ. ಚೀಟಿಗೆ ಏನು ಬರೆಯಲಿ ಎಂದು ಕೇಳಿದೆ. ‘ನಮ್ಮವ್ವ ಅಂತ ಬರಿ’ ಎಂದರು. ಬರೆದೆ.

ಗಂಡ ಸತ್ತ ಮೇಲೆ ಆ ತಾಯಿ ಒಂದು ಮದುವೆಗೆ, ಒಂದು ತೊಟ್ಟಿಲಿಗೆ ಹೋದವರಲ್ಲವಂತೆ. ಬೆಳಿಗ್ಗೆ ನೀರಿಗೆ ಹೋದರೆ ಎದುರಿಗೆ ಬಂದವರು ಮುಖ ತಿರುಗಿಸಿ, ನಿಂತು, ಅವರು ದಾಟಿದ ಮೇಲೆ ಹೊರಡುತ್ತಿದ್ದರಂತೆ. ಚಿತ್ರಕ್ಕೆ ಕೂತಾಗ ಅವರು ಮಗಳನ್ನು ಕೇಳಿದ್ದು ಇಷ್ಟೇ: ‘ಇದನ್ನ ಮಂದಿ ನೋಡ್ತಾರೇನೇ?’ ನೋಡುತ್ತಾರೆ ಎಂದಾಗ, ‘ನಿಂತು ನೋಡ್ತಾರೇನು?’ ಆ ಮಾತಿಗಾಗಿಯೇ ಅಕ್ಕೋರು ಚಿತ್ರವನ್ನು ಬಾಗಿಲಿನ ಎದುರಿನ ಗೋಡೆಗೆ ಹಾಕಿಸಿದರು. ಒಳಗೆ ಬರುವವರು ಅದನ್ನು ನೋಡದೆ ದಾಟುವಂತಿರಲಿಲ್ಲ.

ಉತ್ಸವದ ಹಿಂದಿನ ದಿನ ಮಧ್ಯಾಹ್ನ ಅಧ್ಯಕ್ಷರು ಪರಿಶೀಲನೆಗೆ ಬಂದರು. ಚಿಕ್ಕಪ್ಪನೂ ಸಮಿತಿಯ ಇನ್ನೊಬ್ಬರೂ ಜೊತೆಗಿದ್ದರು. ಅಧ್ಯಕ್ಷರು ಚಿತ್ರದ ಮುಂದೆ ನಿಂತರು.

‘ಅಕ್ಕೋರೆ, ಕೈ ಭಾಳ ಚಲೋ ಐತ್ರಿ ನಿಮ್ದು. ಹತ್ತಿ ಮುಟ್ಟಿದ್ರೆ ಕೈಗೆ ಬರ್ತೈತೇನೋ ಅನ್ನಂಗೈತೆ. ಆದ್ರೆ ಬಾಗ್ಲಾಗೇ ಬರಿ ಹಣೆ ಯಾಕ್ರಿ?’

‘ಅವರು ಹಂಗೇ ಅದಾರಲ್ರಿ.’

‘ಅದಾರೆ, ಇಲ್ಲ ಅನ್ನಲ್ಲ. ನಾಳೆ ಡಿ.ಸಿ. ಸಾಹೇಬ್ರ ಮನೆಯೋರು ದೀಪ ಹಚ್ಚೋಕೆ ಬರ್ತಾರೆ. ಮೆಟ್ಲು ಹತ್ತತಿದ್ದಂಗೆ ಇದು ಕಂಡ್ರೆ ಏನ್ ತಿಳ್ಕೊಂಡಾರು? ಒಂದು ಬೊಟ್ಟು ಇಟ್ಬಿಡ್ರಿ. ನಿಮ್ಮ ಹತ್ರ ಬಣ್ಣಕ್ಕೇನು ಬರಗಾಲಾನ?’

‘ಬಣ್ಣ ಐತ್ರಿ. ನಮ್ಮವ್ವಗೆ ಬೊಟ್ಟು ಇಡೋಕೆ ನಮ್ಮಪ್ಪ ಇಲ್ಲ. ಆ ಕೆಲಸ ನೀವು ಮಾಡ್ತೀರೇನ್ರಿ?’

ಸಮಿತಿಯ ಆ ಇನ್ನೊಬ್ಬರಿಗೆ ನಗು ತಡೆಯದೆ ಬಾಯಲ್ಲಿದ್ದ ಎಲೆ ಅಡಿಕೆ ನೆತ್ತಿಗೇರಿತು. ಅಧ್ಯಕ್ಷರ ಮುಖ ಕಂಡು ನಗುವನ್ನೂ ಅಡಿಕೆಯನ್ನೂ ಒಟ್ಟಿಗೇ ನುಂಗಿಕೊಂಡರು. ಇದೇ ಅಧ್ಯಕ್ಷರು ಹಿಂದಿನ ವಾರವಷ್ಟೇ ನಮ್ಮ ಕಾಲೇಜಿಗೆ ಬಂದು, ಹೆಣ್ಣು ಗಂಡು ಎಂಬ ಭೇದ ನಮ್ಮಲ್ಲಿಲ್ಲ ಎಂದು ಗಂಟೆಗಟ್ಟಲೆ ಭಾಷಣ ಮಾಡಿದ್ದರು.

ಚಿಕ್ಕಪ್ಪ ನಡುವೆ ಬಂದರು. ‘ಆತು ಬಿಡ್ರಿ ಯಜಮಾನ್ರೆ. ಅಕ್ಕೋರೆ, ಒಳಗಿನ ಗ್ವಾಡಿಗೆ ಹಾಕಾನ. ಚಿತ್ರ ಯಾರೂ ಮುಟ್ಟಂಗಿಲ್ಲ. ನನ್ನ ಮಾತು.’

ಅಕ್ಕೋರು ಚಿತ್ರಕ್ಕೆ ಸುತ್ತಿದ್ದ ಧೋತರವನ್ನು ಮಡಿಸಿಕೊಂಡರು. ‘ಎಲ್ಲಿಗಾದ್ರೂ ಹಾಕ್ರಿ. ಮುಟ್ಟಬ್ಯಾಡ್ರಿ, ಅಷ್ಟು ಸಾಕು. ನಾಳೆ ನಮ್ಮವ್ವನ್ನ ಕರ್ಕೊಂಡು ಬರ್ತೀನಿ.’ ಹೊರಡುವಾಗ ನನ್ನ ಭುಜ ಹಿಡಿದು, ‘ಮೆಟ್ಲು ಭಾಳ ಕಡಿದಾಗೈತೆ. ನೀನು ಒಂದು ಕೈ ಹಿಡ್ಕೋಬೇಕು ನೋಡು’ ಎಂದರು.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಬೋರ್ಡು ಬರೆಯುವವನು ಸ್ವಾಗತದ ಕಮಾನಿಗೆ ಕೊನೆಯ ಅಕ್ಷರ ತುಂಬಿ ಹೋಗಿದ್ದ. ಕೆಂಪು ಬಣ್ಣದ ಡಬ್ಬಿ ಮುಚ್ಚಳ ತೆಗೆದಂತೆಯೇ ಬಾಗಿಲಲ್ಲಿತ್ತು. ಮಾಳಿಗೆ ಹತ್ತಿದೆ. ಚಿತ್ರ ಒಳಗಿನ ಗೋಡೆಗೆ ಹೋಗಿರಲಿಲ್ಲ. ಬಾಗಿಲಿನ ಎದುರಿಗೇ ಇತ್ತು. ಹಣೆಯ ಮೇಲೆ, ಆ ಮಾಸಲು ಗುರುತಿನ ಮೇಲೆ ಸರಿಯಾಗಿ ಕೂರುವಂತೆ, ಕಾಸಿನಗಲದ ಕೆಂಪು ಬೊಟ್ಟು. ಅಂಗಡಿ ಬೋರ್ಡಿನ ಹಸಿ ಬಣ್ಣ. ತಳದಲ್ಲಿ ಒಂದಿಷ್ಟು ಇಳಿದು ಮೂಗಿನ ಬುಡಕ್ಕೆ ಬಂದು ನಿಂತಿತ್ತು. ನಾನು ಬರೆದ ಚೀಟಿ ಇರಲಿಲ್ಲ. ಅದರ ಜಾಗದಲ್ಲಿ ಬೇರೆ ಯಾರದೋ ಅಕ್ಷರದಲ್ಲಿ ‘ಸೌಭಾಗ್ಯವತಿ’ ಎಂದಿತ್ತು.

ಚಿಕ್ಕಪ್ಪನನ್ನು ಹುಡುಕಿ ಕೇಳಿದೆ. ‘ಈಗ ಬ್ಯಾಡ ಕಣವ್ವ. ಆಮೇಲೆ ಮಾತಾಡಾನ’ ಎಂದು ಹಾರದ ಬುಟ್ಟಿ ಎತ್ತಿಕೊಂಡು ಹೋದರು. ಚಿಕ್ಕಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಬೆರಳು ಕೆಂಪಾಗಿದ್ದವು ಎಂದು ನನಗೆ ನೆನಪು. ಆದರೆ ಆರತಿಗೆ ಕುಂಕುಮದ ನೀರು ಕದಡಿದವಳ ಬೆರಳು ಕೆಂಪಾಗಿರದೆ ಇನ್ನೇನು? ಈ ನೆನಪಿನಿಂದ ನಾನು ಏನನ್ನೂ ಸಾಬೀತು ಮಾಡಲಾರೆ…

ಅಕ್ಕೋರು ತಾಯಿಯನ್ನು ಕರೆದುಕೊಂಡು ಬಂದಾಗ ಕೆಳಗೆ ವಾಲಗ ಶುರುವಾಗಿತ್ತು. ತಾಯಿ ಚಿತ್ರದಲ್ಲಿದ್ದ ಆ ಬೂದು ಸೀರೆಯನ್ನೇ ಒಗೆದು ಉಟ್ಟುಕೊಂಡಿದ್ದರು. ನಾನು ಕೈ ಹಿಡಿದೆ. ಒರಟು, ಬೆಚ್ಚನೆಯ ಕೈ. ಬೊಟ್ಟಿನ ವಿಷಯ ಹೇಳಬೇಕಿತ್ತು, ಹೇಳುವಷ್ಟರಲ್ಲಿ ಮೇಲಿನ ಮೆಟ್ಟಿಲಿಗೆ ಬಂದುಬಿಟ್ಟಿದ್ದೆವು. ಹಿಂದೆಯೇ ಸಾಹೇಬರ ಹೆಂಡತಿ, ಹೆಂಗಸರ ಗುಂಪು. ಬ್ಯಾಡ್ಜು ಚುಚ್ಚಿಕೊಂಡಿದ್ದ ಸಮಿತಿಯವರೊಬ್ಬರ ಹೆಂಡತಿ ಮೆತ್ತಗೆ, ಬಹಳ ಮರ್ಯಾದೆಯಿಂದಲೇ, ‘ಅಮ್ಮಾರೆ, ಒಂಚೂರು ಆ ಕಡೆ ಸರೀರಿ. ಆರತಿ ಬರ್ತೈತೆ’ ಎಂದಳು. ಅವಳು ಹೇಳುವ ಮೊದಲೇ ಆ ತಾಯಿ ನನ್ನ ಕೈ ಬಿಡಿಸಿಕೊಂಡಾಗಿತ್ತು. ಮಗ್ಗುಲಿಗೆ ಸರಿದು, ಗೋಡೆಗೆ ಒತ್ತಿ, ಸೆರಗು ತಲೆಯ ಮೇಲೆಳೆದು ನಿಂತರು. ಅಷ್ಟು ವರ್ಷದ ರೂಢಿ.

ಆರತಿ ಬಂತು. ಸಾಹೇಬರ ಹೆಂಡತಿ ದೀಪ ಹಚ್ಚಿದರು. ಎದುರಿಗೆ ಮುತ್ತೈದೆಯ ಚಿತ್ರ ಕಂಡು ಅವರಿಗೆ ಏನನ್ನಿಸಿತೋ, ತಟ್ಟೆ ತೆಗೆದುಕೊಂಡು ಅದಕ್ಕೂ ಬೆಳಗಿದರು. ಯಾರೋ ಹಾರ ಹಾಕಿದರು. ‘ಎಷ್ಟು ಲಕ್ಷಣ ಐತೆ ನೋಡ್ರಿ ಮುಖದಾಗೆ’ ಎಂದರು ಅಧ್ಯಕ್ಷರು. ಯಾರ ಮುಖಕ್ಕೆ ಬೆಳಗುತ್ತಿದ್ದರೋ ಆಕೆ ಬಾಗಿಲ ಹೊರಗೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಆ ಕ್ಷಣದ ಹೇಸಿಗೆಗೆ ಹೋಲಿಸಿದರೆ ಕುಂಬಳಕಾಯಿಯ ಹುಳಗಳು ಎಷ್ಟೋ ವಾಸಿ. ಅವು ತಮ್ಮ ಕೆಲಸ ಮಾಡುತ್ತಿದ್ದವು.

ಗುಂಪು ಒಳಗೆ ಹೋದ ಮೇಲೆ ಅಕ್ಕೋರು ತಾಯಿಯನ್ನು ಚಿತ್ರದ ಮುಂದೆ ಕರೆತಂದರು. ಗುಂಪಿಗೆ ಮರೆಯಾಗಿದ್ದ ಬೊಟ್ಟನ್ನು ಅಕ್ಕೋರೂ ಕಂಡದ್ದು ಆಗಲೇ. ಅವರ ಕೈ ಮೇಲೆದ್ದು, ಅರ್ಧಕ್ಕೆ ನಿಂತು, ಕೆಳಗಿಳಿಯಿತು. ತಾಯಿ ಬಹಳ ಹೊತ್ತು ನೋಡಿದರು.

‘ಸೀರೆ ನಂದೇ ಐತಲ್ಲೇ… ಈಕೆ ಯಾರು?’

ಅಕ್ಕೋರು ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪನ ಕಡೆ ಒಂದು ಸಲ ನೋಡಿದರು. ‘ನಡಿಯವ್ವ, ಗಾಡಿಗೆ ಟೈಮಾತು’ ಎಂದರು. ಗಾಡಿ ಇದ್ದದ್ದು ಸಂಜೆಗೆ.

ಶಾಲೆಯ ವರ್ಷ ಮುಗಿದ ಮೇಲೆ ಅವರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಚಿತ್ರ ಕೇಳಲು ಬರಲೇ ಇಲ್ಲ. ಚಿತ್ರಶಾಲೆಯ ಹುಚ್ಚೂ ಇಳಿಯಿತು, ಮಾಳಿಗೆಗೆ ಮತ್ತೆ ಹತ್ತಿಯ ಅಂಡಿಗೆ, ಮೂಟೆಗಳು ಬಂದವು. ದಾನಿಗಳು ತಮ್ಮ ತಮ್ಮ ತಲೆಗಳನ್ನು ಮನೆಗೆ ಒಯ್ದರು. ಯಾರೂ ಒಯ್ಯದ ಆ ಚಿತ್ರವನ್ನು ಚಿಕ್ಕಪ್ಪ ತಂದು ತಮ್ಮ ಪಡಸಾಲೆಯಲ್ಲಿ ತೂಗುಹಾಕಿದರು. ಬಂದವರು ‘ನಿಮ್ಮತ್ತೆಯೋರೇನ್ರಿ?’ ಎಂದರೆ ಚಿಕ್ಕಮ್ಮ ಹೂಂ ಎನ್ನುತ್ತಿದ್ದಳು. ಹಬ್ಬಕ್ಕೆ ಹೂವಿನ ಹಾರ. ನಾನು ಆ ಮನೆಗೆ ಹೋದಾಗಲೆಲ್ಲ ಬೆನ್ನು ಆ ಕಡೆ ಮಾಡಿ ಊಟಕ್ಕೆ ಕೂರುತ್ತಿದ್ದೆ. ನಡುವೆ ಒಮ್ಮೆ ಹರಿಹರದ ಆ ಓಣಿಯಲ್ಲಿ ವಿಚಾರಿಸಿದೆ. ತಾಯಿ ಹೋದರು, ಆಮೇಲೆ ಕೆಲವು ವರ್ಷಕ್ಕೆ ಮಗಳೂ ಹೋದರು ಎಂದು ಮುದುಕಿಯೊಬ್ಬಳು ಹೇಳಿದಳು. ಎಲ್ಲಿ, ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಇನ್ನು ಗೊತ್ತಾಗುವುದಿಲ್ಲ.

ಚಿಕ್ಕಪ್ಪ ತೀರಿಕೊಂಡು ವರ್ಷವಾಯಿತು. ಹೋದ ತಿಂಗಳು ಬಣ್ಣದವರು ಚಿತ್ರವನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ್ದರು. ಹತ್ತಿರ ಕೂತು ನೋಡಿದೆ. ಸೀರೆ ಮಾಸಿದೆ, ಹತ್ತಿ ಹಳದಿಯಾಗಿದೆ, ಆ ಬೊಟ್ಟು ಮಾತ್ರ ನಿನ್ನೆ ಇಟ್ಟಂತೆ ಮಿರುಗುತ್ತಿದೆ. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಪರಿಚಯದವರೊಬ್ಬರು ಮೈಸೂರಿನಲ್ಲಿದ್ದಾರೆ. ಅವರನ್ನು ಕೇಳಿದ್ದೆ. ಬೊಟ್ಟು ವಾರ್ನಿಷಿನ ಮೇಲೆ ಕೂತಿದ್ದರೆ ನಿಧಾನವಾಗಿ ಎಬ್ಬಿಸಬಹುದು, ಕೆಳಗಿನದು ಹಾಗೇ ಉಳಿದಿರುತ್ತದೆ ಎಂದಿದ್ದರು.

ಚಿಕ್ಕಮ್ಮ ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದಳು. ಕಿಟಕಿಯ ಬೆಳಕು ಅವಳ ಹಣೆಯ ಮೇಲೆ ಬಿದ್ದಿತ್ತು. ಅಲ್ಲಿ, ಹುಬ್ಬುಗಳ ನಡುವೆ, ಅದೇ ಮಾಸಲು ಗುರುತು.

‘ಚಿಕ್ಕಮ್ಮ,’ ಎಂದೆ, ‘ಈ ಬೊಟ್ಟು ತೆಗೆಸಿಬಿಡ್ಲೇನು?’

ಅವಳ ಕೈ ನಿಂತಿತು. ಚಿತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮತ್ತೆ ಸೊಪ್ಪು ಸೋಸತೊಡಗಿದಳು. ನಾನು ಮೈಸೂರಿಗೆ ಬಂದೆ. ಆಮೇಲೆ ಎರಡು ಸಲ ಫೋನು ಮಾಡಿದೆ. ಬಣ್ಣದ ಕೆಲಸ ಮುಗಿಯಿತು, ಮನೆ ಚೆನ್ನಾಗಿ ಕಾಣುತ್ತದೆ ಎಂದಳು. ಬೊಟ್ಟಿನ ಮಾತು ಇನ್ನೂ ಎತ್ತಿಲ್ಲ.