ಹಾಸು ಒಣಗೋ ತನಕ

ಸೇಲಮ್ಮಿನ ನಮ್ಮ ನೇಕಾರರ ಬೀದಿಗೆ ಭಾಗ್ಯ ಬರ್ತಾ ಐತೆ ಅಂತ ಗೊತ್ತಾಗಿದ್ದು ಕರೆಂಟ್ ಕಂಬಕ್ಕೆ ಅಂಟಿಸಿದ್ದ ನೋಟೀಸಿನಿಂದ. ಬೀದಿಯನ್ನ ವ್ಯಾಪಾರದ ಜಾಗ ಅಂತ ಬದಲಾಯಿಸಿ, ಕೆಳಗೆ ಕಾರ್ ಪಾರ್ಕಿಂಗ್, ಮೇಲೆ ಜನರಿಗೊಂದು ನಾಟಕದ ಥಿಯೇಟರ್ ಕಟ್ಟುತ್ತಾರಂತೆ. ಬೇಡ ಅಂತ ಎಲ್ಲರೂ ಸೇರಿ ಅರ್ಜಿ ಹಾಕಿದೆವು.

ವಿಚಾರಿಸೋಕೆ ಒಬ್ಬ ಅಧಿಕಾರಿ ಬೆಳಿಗ್ಗೆಯೇ ಕಾರಿನಲ್ಲಿ ಬಂದರು. ಆಗ ಬೀದಿಯುದ್ದಕ್ಕೂ ಹಾಸು, ಅಂದರೆ ಮಗ್ಗಕ್ಕೆ ಏರಿಸೋ ಉದ್ದನೆಯ ನೂಲು, ಬಿಗಿದು ಗಂಜಿ ಹಚ್ಚುತ್ತಿದ್ದೆವು.

"ಇದೆ ಕೊಂಜಂ ಓರಮಾ ಎಡುಂಗ" ಅಂದರು; ಇದನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ ಅಂತ, ಹಾಸೇನೋ ಒಂದು ಬಕೆಟ್ಟು ಅನ್ನೋ ಹಾಗೆ.

ಗಂಜಿ ಹಚ್ಚುತ್ತಿದ್ದ ನಮ್ಮ ಚಿಕ್ಕವ್ವ ತಲೆಯೆತ್ತಲಿಲ್ಲ. "ಹೇಳ್ಲಾ ಅವ್ರಿಗೆ. ಒಣಗೋ ತನಕ ಎತ್ತಂಗಿಲ್ಲ, ಎತ್ತಿದ್ರೆ ಎಳೆಯೆಲ್ಲಾ ಅಂಟ್ಕತಾವೆ."

ತಮಿಳಿನಲ್ಲಿ ಹೇಳಿದೆ. ಅವರು ಕಾರು ನಿಲ್ಲಿಸೋಕೆ ಅಕ್ಕಪಕ್ಕದ ಗಲ್ಲಿಗಳನ್ನೆಲ್ಲ ಸುತ್ತಿ, ಅರ್ಧ ಗಂಟೆಯಾದ ಮೇಲೆ ಬೆವರು ಒರೆಸಿಕೊಳ್ಳುತ್ತಾ ನಡೆದು ಬಂದರು. ಬಂದವರೇ ಸಮಾಧಾನ ಹೇಳಿದರು: "ಥಿಯೇಟರ್ ಆದಮೇಲೆ ಈ ಕೆಲಸವನ್ನ ಸ್ಟೇಜ್ ಮೇಲೇ ಮಾಡಿ. ಜನ ಚಪ್ಪಾಳೆ ತಟ್ಟುತ್ತಾರೆ."

ಸ್ಟೇಜ್ ಎಷ್ಟುದ್ದ ಅಂತ ಕೇಳಿದೆ. ನಲವತ್ತಡಿ ಅಂದರು. ನಮ್ಮ ಹಾಸು ಹದಿನೆಂಟು ಮನೆಯಷ್ಟು ಉದ್ದ ಸಾರ್ ಅಂದೆ. ಸ್ವಲ್ಪ ಯೋಚಿಸಿ, "ಹಾಗಾದರೆ ಮಡಚಿಕೊಳ್ಳಿ" ಅಂದರು. ಕಲೆಗೆ ಇಂಥ ಪೋಷಕರು ಸಿಗೋದು ನಮ್ಮ ಪುಣ್ಯ.

ತಿಂಗಳ ಮೇಲೆ ಅವರ ವರದಿ ಕೈಗೆ ಬಂತು. ಗಂಜಿ, ನೂಲು, ಮಗ್ಗ ಯಾವುದರ ಸುದ್ದಿಯೂ ಅದರಲ್ಲಿರಲಿಲ್ಲ. ಇದ್ದದ್ದು ಒಂದೇ ಮಾತು: ಈ ಬೀದಿಯ ಸುತ್ತಮುತ್ತ ಕಾರು ನಿಲ್ಲಿಸಲು ಜಾಗವೇ ಇಲ್ಲ, ನಾನೇ ಖುದ್ದಾಗಿ ಪರದಾಡಿದ್ದೇನೆ.

ಪಾರ್ಕಿಂಗ್ ಬೇಡ ಅಂತ ಅರ್ಜಿ ಹಾಕಿದ್ದು ನಾವು. ಬೇಕೇ ಬೇಕು ಅಂತ ಸಾಕ್ಷಿ ಹೇಳಿದ್ದು ನಮ್ಮದೇ ಹಾಸು.